ಶುಗರ್ ಇದೆ, ಮಗು ಆಗಿಲ್ಲ. ವೀರ್ಯದ ರಿಪೋರ್ಟ್‌ನಲ್ಲಿ 0.6 ಎಂಎಲ್ ಅಂತ ಬಂದಿದೆ, ಏನರ್ಥ?

ಪೀಣ್ಯ ನೈಟ್‌ಶಿಫ್ಟ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 36. ಊರು ಚನ್ನರಾಯಪಟ್ಟಣದ ಹತ್ತಿರ. ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಕೆಲಸ, ವಾರ ಬಿಟ್ಟು ವಾರ ರಾತ್ರಿ ಪಾಳಿ. ಮದುವೆಯಾಗಿ ಐದು ವರ್ಷ. ಇಷ್ಟು ದಿನ ಟೆಸ್ಟ್ ಎಲ್ಲ ಹೆಂಡತಿಗೇ. ಥೈರಾಯ್ಡ್, ಸ್ಕ್ಯಾನಿಂಗ್, ಎರಡು ಸಲ ಟ್ಯೂಬ್ ಟೆಸ್ಟ್ (ಗರ್ಭನಾಳ ತೆರೆದಿದೆಯಾ ಅಂತ ನೋಡುವುದು). ಎಲ್ಲ ನಾರ್ಮಲ್. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗಪ್ರತಿಷ್ಠೆಯನ್ನೂ ಮಾಡಿಸಿದೆವು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಹೊಸ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ನನ್ನ ಕಡೆ ತಿರುಗಿ, 'ನಿಮಗೆ ಶುಗರ್ ಎಷ್ಟು ವರ್ಷದಿಂದ?' ಅಂದರು. ಏಳು ವರ್ಷದಿಂದ ಇದೆ. ಮಾತ್ರೆ ನೆನಪಾದಾಗ ನುಂಗುವುದು, ರಾತ್ರಿ ಪಾಳಿಯಲ್ಲಿ ಮರೆಯುವುದು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ಲೆಕ್ಕ, 10.2 ಬಂತು. ವೀರ್ಯದ ರಿಪೋರ್ಟ್ ಹೀಗಿದೆ: ಪ್ರಮಾಣ 0.6 ಎಂಎಲ್, ಒಂದು ಎಂಎಲ್‌ಗೆ 90 ಲಕ್ಷ ವೀರ್ಯಾಣು, ಚಲನೆ 18%, ಸರಿಯಾದ ಆಕಾರ 2%.

ಇನ್ನೊಂದು ವಿಷಯ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಒಂದೂವರೆ ವರ್ಷದಿಂದ ಕೊನೆಯಲ್ಲಿ ಬರುವುದು ಒಂದೆರಡು ಹನಿ ಅಷ್ಟೇ. ಆದ ಮೇಲೆ ಮೂತ್ರಕ್ಕೆ ಹೋದರೆ ಅಕ್ಕಿ ತೊಳೆದ ನೀರಿನ ಹಾಗೆ ಇರುತ್ತದೆ. ಇದಕ್ಕೂ ಶುಗರ್‌ಗೂ ಸಂಬಂಧ ಇದೆಯಾ? ಡಾಕ್ಟರ್ ಅಪಾಯಿಂಟ್‌ಮೆಂಟ್ ಇನ್ನೂ ಹತ್ತು ದಿನ ಇದೆ. ತಲೆ ಕೆಟ್ಟುಹೋಗಿದೆ.

ಲ್ಯಾಬ್ ಅಕ್ಕ

ಮೊದಲು ನೀರು ಕುಡಿದು ಕೂತುಕೊಳ್ಳಿ. ನಾನು ಡಾಕ್ಟರ್ ಅಲ್ಲ. ಹದಿನಾಲ್ಕು ವರ್ಷದಿಂದ ವೀರ್ಯ ಪರೀಕ್ಷೆಯ ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತಿದ್ದೇನೆ. ನಿಮ್ಮ ಕೊನೆಯ ಪ್ಯಾರಾ ಇದೆಯಲ್ಲ, ನಾಚಿಕೆಯಿಂದ ಬರೆದದ್ದು, ಅದೇ ಇಡೀ ಪೋಸ್ಟ್‌ನ ಮುಖ್ಯ ಸುಳಿವು.

ಸ್ಖಲನ ಆಗುವಾಗ ಮೂತ್ರಚೀಲದ ಬಾಯಿ ಬಿಗಿಯಾಗಿ ಮುಚ್ಚಬೇಕು. ಆಗ ವೀರ್ಯ ಮುಂದಕ್ಕೆ ಬರುತ್ತದೆ. ಆ ಬಾಯಿಯನ್ನು ಮುಚ್ಚಿಸುವುದು ನರಗಳು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕಾಲಿನ ನರ ಜುಮ್ಮೆನ್ನುವ ಹಾಗೆ ಈ ನರಗಳಿಗೂ ಪೆಟ್ಟು ಬೀಳುತ್ತದೆ. ಬಾಗಿಲು ಅರ್ಧ ತೆರೆದೇ ಇರುತ್ತದೆ, ವೀರ್ಯ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗುತ್ತದೆ. ಇದಕ್ಕೆ ಹಿಮ್ಮುಖ ಸ್ಖಲನ ಅಂತ ಹೆಸರು. ನಿಮಗೆ ಅದೇ ಆಗಿದೆ ಅಂತ ನಾನು ಹೇಳಲಾರೆ, ಆದರೆ ಪರೀಕ್ಷೆ ತುಂಬ ಸುಲಭ: ಸ್ಖಲನ ಆದ ತಕ್ಷಣ ಮೂತ್ರ ಕೊಡಬೇಕು. ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡುತ್ತೇವೆ. ಅಲ್ಲಿ ವೀರ್ಯಾಣು ಇದ್ದರೆ ವಿಷಯ ಗೊತ್ತಾಯಿತು.

ಮೂರು ಪ್ರಶ್ನೆ. ಸ್ಯಾಂಪಲ್ ಕೊಡುವ ಮುಂಚೆ ಎಷ್ಟು ದಿನ ಅಂತರ ಇತ್ತು? (2ರಿಂದ 7 ದಿನ ಇರಬೇಕು.) ಕಪ್‌ನಿಂದ ಹೊರಗೆ ಸ್ವಲ್ಪ ಬಿತ್ತಾ? ಮೊದಲ ಹನಿಗಳಲ್ಲೇ ಜಾಸ್ತಿ ವೀರ್ಯಾಣು ಇರುವುದು, ಅದು ಚೆಲ್ಲಿದರೆ ರಿಪೋರ್ಟೇ ಸುಳ್ಳು. ಮೂರನೆಯದು, ಕಿಡ್ನಿ ಕಲ್ಲಿಗೋ ಪ್ರಾಸ್ಟೇಟ್‌ಗೋ ಟ್ಯಾಮ್ಸುಲೋಸಿನ್, ಸಿಲೊಡೋಸಿನ್ ಅನ್ನುವ ಮಾತ್ರೆ ಏನಾದರೂ ನುಂಗುತ್ತಿದ್ದೀರಾ?

ಪೀಣ್ಯ ನೈಟ್‌ಶಿಫ್ಟ್

ನಾಲ್ಕು ದಿನ ಅಂತರ. ಏನೂ ಚೆಲ್ಲಿಲ್ಲ ಅಕ್ಕ, ಚೆಲ್ಲಲು ಇದ್ದರೆ ತಾನೇ. ಕಲ್ಲಿನ ಮಾತ್ರೆ ಇಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಅಷ್ಟೇ. ರಿಪೋರ್ಟ್‌ನ ನಂಬರ್‌ಗಳು ಎಷ್ಟು ಕೆಟ್ಟದಾಗಿವೆ?

ಮಸ್ಕತ್ ಮಾವ

ಆ ಕಲ್ಲಿನ ಮಾತ್ರೆ ವಿಷಯ ನಿಜ. ಇಲ್ಲಿ ಬಿಸಿಲಿಗೆ ಎರಡು ವರ್ಷಕ್ಕೊಮ್ಮೆ ಕಿಡ್ನಿ ಕಲ್ಲು ಗ್ಯಾರಂಟಿ. ಹೋದ ಸಲ ಮಾತ್ರೆ ತೆಗೆದುಕೊಂಡ ಒಂದು ತಿಂಗಳು ನಾನೂ 'ಡ್ರೈ'. ಹೆದರಿ ಸತ್ತಿದ್ದೆ. ನಿಲ್ಲಿಸಿದ ಮೇಲೆ ಸರಿಹೋಯಿತು.

ಲ್ಯಾಬ್ ಅಕ್ಕ

ನಂಬರ್ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಮಿತಿ: ಪ್ರಮಾಣ 1.4 ಎಂಎಲ್, ಒಂದು ಎಂಎಲ್‌ಗೆ 1.6 ಕೋಟಿ, ಒಟ್ಟು 3.9 ಕೋಟಿ, ಚಲನೆ 42%, ಆಕಾರ 4%. ಎಲ್ಲದರಲ್ಲೂ ನೀವು ಕೆಳಗಿದ್ದೀರಿ, ಸುಳ್ಳು ಹೇಳುವುದಿಲ್ಲ.

ಆದರೆ ಈ ಮಿತಿ ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ. ಒಂದು ವರ್ಷದೊಳಗೆ ಹೆಂಡತಿಗೆ ಗರ್ಭ ನಿಂತ ಗಂಡಸರನ್ನೇ ಸಾಲಾಗಿ ನಿಲ್ಲಿಸಿ, ಕೆಳಗಿನ 5% ಎಲ್ಲಿ ಮುಗಿಯುತ್ತದೋ ಅಲ್ಲಿ ಗೆರೆ ಎಳೆದಿದ್ದಾರೆ. ಅಂದರೆ ಗೆರೆಯ ಕೆಳಗೂ ಅಪ್ಪಂದಿರಿದ್ದಾರೆ. ಇದು ಎಸ್‌ಎಸ್‌ಎಲ್‌ಸಿ ಪಾಸ್ ಮಾರ್ಕ್ಸ್ ಅಲ್ಲ. ಜೊತೆಗೆ, ಒಂದೇ ರಿಪೋರ್ಟ್ ನಂಬಬೇಡಿ. ಅದೇ ಮನುಷ್ಯನ ಎರಡು ಸ್ಯಾಂಪಲ್‌ನಲ್ಲಿ ಅಜಗಜಾಂತರ ನೋಡಿದ್ದೇನೆ. ಮಧ್ಯೆ ಜ್ವರ ಬಂದಿದ್ದರೂ ಸಾಕು, ಕೌಂಟ್ ಬೀಳುತ್ತದೆ.

ಇನ್ಸುಲಿನ್ ಹುಡುಗ

ಅಣ್ಣ, ನನ್ನದು ಟೈಪ್ 1. ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್. ಈಗ 33. ನೀವು ಬರೆದದ್ದು ಓದಿ ನನ್ನ ಡೈರಿ ಓದಿದ ಹಾಗಾಯಿತು. ನನಗೂ ಹಿಮ್ಮುಖ ಸ್ಖಲನ. ಈಗ ಮಗಳಿಗೆ ಮೂರು ವರ್ಷ, ಇದನ್ನು ಟೈಪ್ ಮಾಡುವಾಗ ತೊಡೆ ಮೇಲೆ ಕೂತು ಫೋನ್ ಕಿತ್ತುಕೊಳ್ಳುತ್ತಿದ್ದಾಳೆ.

ನನಗೆ ಮೊದಲು ಮಾತ್ರೆ ಕೊಟ್ಟರು, ಇಮಿಪ್ರಮಿನ್. ಹಳೇ ಕಾಲದ ಖಿನ್ನತೆ ಮಾತ್ರೆ, ಮೂತ್ರಚೀಲದ ಬಾಯಿಯನ್ನು ಬಿಗಿ ಮಾಡುತ್ತದಂತೆ. ಕೆಲವರಿಗೆ ನೆಗಡಿಗೆ ಕೊಡುವ ಸೂಡೊಎಫಿಡ್ರಿನ್ ಕೊಡುತ್ತಾರೆ, ಅದು ಬಿಪಿ ಏರಿಸುತ್ತದೆ. ಎರಡನ್ನೂ ಮೆಡಿಕಲ್ ಶಾಪ್‌ನಲ್ಲಿ ನೀವಾಗೇ ಕೇಳಿ ತೆಗೆದುಕೊಳ್ಳಬೇಡಿ. ನನಗೆ ಮಾತ್ರೆ ಸಾಕಾಗಲಿಲ್ಲ. ಆಮೇಲೆ ಮೂತ್ರದಿಂದಲೇ ವೀರ್ಯಾಣು ತೆಗೆದರು.

ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಮೂತ್ರ ಹುಳಿ ಇರುತ್ತದೆ, ಅದರಲ್ಲಿ ವೀರ್ಯಾಣು ಬೇಗ ಸಾಯುತ್ತವೆ. ಹಾಗಾಗಿ ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಸೋಡಾ ಬೈಕಾರ್ಬನೇಟ್ ನೀರಿಗೆ ಹಾಕಿ ಕುಡಿಸಿದರು. ಬಾಯಿ ತುಂಬ ಸಾಬೂನಿನ ರುಚಿ. ಮೊದಲು ಮೂತ್ರ ಖಾಲಿ ಮಾಡಿಸಿದರು, ಆಮೇಲೆ ಸ್ಖಲನ, ಆಮೇಲೆ ಬೆಚ್ಚಗಿನ ಬಾಟಲಿಗೆ ಮೂತ್ರ. ಬಾಟಲಿಯಲ್ಲಿ ಗುಲಾಬಿ ಬಣ್ಣದ ದ್ರವ ಮೊದಲೇ ಇತ್ತು. ಕಿಟಕಿಯಲ್ಲಿ ಕೊಟ್ಟೆ, ಒಳಗಿದ್ದವರು ಕಿತ್ತುಕೊಂಡು ಓಡಿದರು, ನಿಜವಾಗಲೂ ಓಡಿದರು. ಅದರಲ್ಲಿ ಓಡಾಡುತ್ತಿದ್ದ ವೀರ್ಯಾಣು ಆರಿಸಿ ಐಸಿಎಸ್‌ಐ ಮಾಡಿದರು, ಅಂದರೆ ಲ್ಯಾಬ್‌ನಲ್ಲಿ ಒಂದೊಂದು ಅಂಡಾಣುವಿನೊಳಗೆ ಒಂದೊಂದು ವೀರ್ಯಾಣು ಚುಚ್ಚುವುದು. ಮೊದಲ ಸಲ ನಿಲ್ಲಲಿಲ್ಲ. ಎರಡನೇ ಸಲಕ್ಕೆ ಇವಳು.

ಒಂದು ಮಾತು ಜಾಸ್ತಿ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಅಲ್ಲಿನ ನರಕ್ಕೆ ಪೆಟ್ಟು ಬಿದ್ದಿದೆ ಅಂದರೆ ಕಣ್ಣು, ಕಿಡ್ನಿ, ಪಾದ ಕೂಡ ನೋಡಿಸಬೇಕು. 10.2ರಿಂದ ದಡಬಡ ಇಳಿಸುವ ಮುಂಚೆ ಕಣ್ಣಿನ ಪರೀಕ್ಷೆ ಖಂಡಿತ ಮಾಡಿಸಿ. ಶುಗರ್ ತುಂಬ ಬೇಗ ಇಳಿದರೆ ಕಣ್ಣಿನ ಪರದೆಯ ತೊಂದರೆ ಸ್ವಲ್ಪ ದಿನ ಹೆಚ್ಚಾಗುವುದುಂಟು. ನನಗೆ ಆಗಿತ್ತು.

ತುಂಗಾತೀರ

ಇಷ್ಟೆಲ್ಲ ಇಂಗ್ಲಿಷ್ ಮದ್ದು ಯಾಕೆ ಸ್ವಾಮಿ. ಶುಗರ್ ಮಾತ್ರೆಯ ಉಷ್ಣಕ್ಕೇ ಧಾತು ಒಣಗುವುದು. ಮಾತ್ರೆ ನಿಲ್ಲಿಸಿ. ಅಶ್ವಗಂಧ, ನೆಗ್ಗಿಲಮುಳ್ಳು, ಜಿಂಕ್ ಮಾತ್ರೆ ಮೂರು ತಿಂಗಳು ತೆಗೆದುಕೊಳ್ಳಿ. ನಮ್ಮ ಭಾವಮೈದನಿಗೆ ಫಲ ಕೊಟ್ಟಿದೆ.

ಲ್ಯಾಬ್ ಅಕ್ಕ

ತುಂಗಾತೀರ ಅವರೇ, 'ಮಾತ್ರೆ ನಿಲ್ಲಿಸಿ' ಅನ್ನುವ ಮಾತು ದಯವಿಟ್ಟು ಬೇಡ. 10.2 ಇರುವವನು ಮಾತ್ರೆ ನಿಲ್ಲಿಸಿದರೆ ಮಗುವಿನ ಚಿಂತೆಗಿಂತ ಮೊದಲು ಐಸಿಯು ಚಿಂತೆ ಮಾಡಬೇಕಾಗುತ್ತದೆ.

ಜಿಂಕ್ ವಿಷಯ. ಅಮೆರಿಕದಲ್ಲಿ 2,370 ಜೋಡಿಗಳ ಮೇಲೆ ಸರಿಯಾಗಿ ಚೀಟಿ ಎತ್ತಿ ಪರೀಕ್ಷೆ ಮಾಡಿದರು, 2020ರಲ್ಲಿ ಫಲಿತಾಂಶ ಬಂತು. ಗಂಡಸರಿಗೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟರು. ಹುಟ್ಟಿದ ಮಕ್ಕಳ ಸಂಖ್ಯೆಯಲ್ಲಿ ವ್ಯತ್ಯಾಸ ಇಲ್ಲ. ಹೊಟ್ಟೆನೋವು, ವಾಕರಿಕೆ ಮಾತ್ರ ಜಾಸ್ತಿ ಆಯಿತು. ನಿಮ್ಮ ಭಾವಮೈದನಿಗೆ ಮಗು ಆದದ್ದು ಸಂತೋಷ. ಆ ಮೂರು ತಿಂಗಳಲ್ಲಿ ಅವರು ಸಿಗರೇಟು ಬಿಟ್ಟಿದ್ದರಾ ಅಂತ ಒಮ್ಮೆ ಕೇಳಿ ನೋಡಿ.

ತುಂಗಾತೀರ

ಗುಟ್ಕಾ ಬಿಟ್ಟಿದ್ದ. ಅದು ಹೌದು.

ಮಸ್ಕತ್ ಮಾವ

😀 ಸಿಕ್ಕಿತಲ್ಲ ಔಷಧಿ.

ಪೀಣ್ಯ ನೈಟ್‌ಶಿಫ್ಟ್

ಹಿಮ್ಮುಖದ ವಿಷಯ ಅರ್ಥವಾಯಿತು. ಆದರೆ ಚಲನೆ 18%, ಆಕಾರ 2% ಯಾಕೆ? ಅದೂ ಶುಗರ್‌ನಿಂದಲೇನಾ? ಮತ್ತೆ, ನಮ್ಮ ಏರಿಯಾದ ಜಿಮ್‌ನಲ್ಲಿ ಒಬ್ಬರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೋ, ಗಂಡಸುತನ ವಾಪಸ್ ಬರುತ್ತದೆ ಅಂದರು. ನನ್ನ ಟೆಸ್ಟೋಸ್ಟೆರಾನ್ ಸ್ವಲ್ಪ ಕಡಿಮೆ ಇದೆ ಅಂತ ಬಂದಿದೆ.

ಮಸ್ಕತ್ ಮಾವ

ಬೇಡ ಬೇಡ ಬೇಡ. ನನ್ನ ಕಥೆ ಕೇಳಿ ಆಮೇಲೆ ತೀರ್ಮಾನ ಮಾಡಿ.

ನನಗೂ ಟೈಪ್ 2, ಹೊಟ್ಟೆ ದೊಡ್ಡದು, ನಿಮಿರುವಿಕೆ ಸರಿಯಿಲ್ಲ. ಒಬ್ಬ ಟ್ರೈನರ್ ಮಾತು ಕೇಳಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು ಮಾಡಿದೆ. ಹದಿನೈದು ದಿನಕ್ಕೊಂದು. ಮೀಸೆ ತಿರುವುವ ಹಾಗಾಯಿತು, ಉತ್ಸಾಹ, ತೋಳು, ಎಲ್ಲ. ಏಳು ತಿಂಗಳ ಮೇಲೆ ವೀರ್ಯ ಪರೀಕ್ಷೆ ಮಾಡಿಸಿದರೆ ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. ಮೊದಲು 2.2 ಕೋಟಿ ಇದ್ದವನು ನಾನು.

ಡಾಕ್ಟರ್ ವಿವರಿಸಿದ್ದು ಹೀಗೆ. ವೀರ್ಯಾಣು ತಯಾರಿಸಲು ವೃಷಣಕ್ಕೆ ಮೇಲಿಂದ, ಅಂದರೆ ಮೆದುಳಿನ ಬುಡದ ಪಿಟ್ಯುಟರಿಯಿಂದ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್‌ಗಳ ಆರ್ಡರ್ ಬರಬೇಕು. ಹೊರಗಿನಿಂದ ಟೆಸ್ಟೋಸ್ಟೆರಾನ್ ಸುರಿದರೆ ಪಿಟ್ಯುಟರಿ 'ಓ, ಸ್ಟಾಕ್ ಸಾಕಷ್ಟಿದೆ' ಅಂತ ಆರ್ಡರ್ ನಿಲ್ಲಿಸುತ್ತದೆ. ಕಾರ್ಖಾನೆ ಬಂದ್. ಇಂಜೆಕ್ಷನ್ ನಿಲ್ಲಿಸಿ, ಎಲ್‌ಎಚ್ ಥರ ಕೆಲಸ ಮಾಡುವ ಎಚ್‌ಸಿಜಿ ತೆಗೆದುಕೊಂಡು, ಕೌಂಟ್ ಮತ್ತೆ ಕಾಣಿಸಿಕೊಳ್ಳಲು ಹನ್ನೊಂದು ತಿಂಗಳು ಬೇಕಾಯಿತು. ಆ ಹನ್ನೊಂದು ತಿಂಗಳು ಹೆಂಡತಿಗೆ ಏನು ಹೇಳಿದೆ ಅಂತ ಕೇಳಬೇಡಿ.

ನಿಮಿರುವಿಕೆ ತೊಂದರೆ ಇದ್ದರೆ ಸಿಲ್ಡೆನಾಫಿಲ್, ಟಡಲಾಫಿಲ್ ಇವೆ, ಡಾಕ್ಟರ್ ಕೊಡುತ್ತಾರೆ. ಎದೆನೋವಿಗೆ ನಾಲಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಮಾತ್ರ ಅದನ್ನು ಮುಟ್ಟಲೇಬಾರದು, ಬಿಪಿ ಕುಸಿದು ಜೀವಕ್ಕೇ ಅಪಾಯ.

ಲ್ಯಾಬ್ ಅಕ್ಕ

ಮಾವ ಹೇಳಿದ್ದು ಪೂರ್ತಿ ಸರಿ. ಇಂಥ ಸೊನ್ನೆ ರಿಪೋರ್ಟ್ ಈಗ ತಿಂಗಳಿಗೆ ಒಂದೆರಡು ನನ್ನ ಮೇಜಿಗೇ ಬರುತ್ತವೆ. ಹುಡುಗರು ಇಪ್ಪತ್ತೆಂಟು, ಮೂವತ್ತು ವಯಸ್ಸಿನವರು.

ಪೀಣ್ಯ, ನಿಮ್ಮ ಟೆಸ್ಟೋಸ್ಟೆರಾನ್ ಕಡಿಮೆಯಾಗಲು ಹೊಟ್ಟೆಯ ಕೊಬ್ಬೂ ಕಾರಣ ಇರಬಹುದು. ಆ ಕೊಬ್ಬಿನಲ್ಲಿರುವ ಅರೊಮಟೇಸ್ ಅನ್ನುವ ಕಿಣ್ವ ಟೆಸ್ಟೋಸ್ಟೆರಾನ್ ಅನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ತೂಕ ಇಳಿದರೆ ಅದು ತಾನಾಗಿ ಏರುವುದುಂಟು. ಆ ರಕ್ತ ಪರೀಕ್ಷೆ ಬೆಳಿಗ್ಗೆಯೇ ಕೊಡಬೇಕು, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಕೊಟ್ಟರೆ ಆ ನಂಬರ್ ಮೇಲೆ ಭರವಸೆ ಇಡಲಾಗದು. ನೀವು ಯಾವಾಗ ಕೊಟ್ಟಿರಿ?

ಚಲನೆ, ಆಕಾರಕ್ಕೆ ಬರೋಣ. ಎಚ್‌ಬಿಎ1ಸಿ ಅಂದರೆ ಏನು? ರಕ್ತದ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಂಡ ಲೆಕ್ಕ. ಪಾಕ ಚೆಲ್ಲಿದ ಕಟ್ಟೆ ಹೇಗೆ ಜಿಗುಟು ಆಗುತ್ತದೋ ಹಾಗೆ. ಈ ಅಂಟು ರಕ್ತದಲ್ಲಿ ಮಾತ್ರ ಆಗಿ ವೃಷಣದಲ್ಲಿ ಆಗುವುದಿಲ್ಲ ಅಂತೇನೂ ಇಲ್ಲ. ಜೊತೆಗೆ ಸಕ್ಕರೆ ಜಾಸ್ತಿ ಆದಾಗ ಆಕ್ಸಿಡೇಟಿವ್ ಸ್ಟ್ರೆಸ್, ಒಂದು ಥರದ ತುಕ್ಕು ಅನ್ನಿ. ವೀರ್ಯಾಣುವಿನ ನಡುಭಾಗದಲ್ಲಿ ಬಾಲ ಓಡಿಸಲು ಶಕ್ತಿ ಕೊಡುವ ಮೈಟೋಕಾಂಡ್ರಿಯ ಇದೆ, ತಲೆಯಲ್ಲಿ ಡಿಎನ್‌ಎ ಇದೆ. ತುಕ್ಕು ಎರಡಕ್ಕೂ ಹಿಡಿಯುತ್ತದೆ. ಬೆಲ್‌ಫಾಸ್ಟ್‌ನಲ್ಲಿ 2007ರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಗಂಡಸರ ವೀರ್ಯ ನೋಡಿದರು. ಪ್ರಮಾಣ ಬಿಟ್ಟರೆ ಸಾಮಾನ್ಯ ರಿಪೋರ್ಟ್ ಹೆಚ್ಚುಕಡಿಮೆ ಎಲ್ಲರಂತೆಯೇ ಇತ್ತು. ಆದರೆ ಡಿಎನ್‌ಎ ಮುರಿತ ಅವರಲ್ಲಿ 53%, ಶುಗರ್ ಇಲ್ಲದವರಲ್ಲಿ 32%. ಚಿಕ್ಕ ಅಧ್ಯಯನ, ಒಂದೊಂದು ಗುಂಪಿನಲ್ಲೂ ಮೂವತ್ತಕ್ಕಿಂತ ಕಡಿಮೆ ಜನ. ಆದರೂ ಮೈಕ್ರೋಸ್ಕೋಪ್‌ನಲ್ಲಿ ನನಗೆ ಚೆನ್ನಾಗಿ ಕಂಡದ್ದೆಲ್ಲ ಒಳಗೂ ಚೆನ್ನಾಗಿದೆ ಅಂತ ಹೇಳಲಾಗುವುದಿಲ್ಲ ಅನ್ನುವುದು ಅದರಿಂದ ಗೊತ್ತಾಯಿತು.

ಈಗ ಒಳ್ಳೆಯ ಸುದ್ದಿ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಲೆಕ್ಕ ಹೇಳುತ್ತದೆ. ವೀರ್ಯಾಣು ಒಂದು ತಯಾರಾಗಲು ಎರಡೂವರೆ ತಿಂಗಳು, ಹೊರಬರುವ ದಾರಿ ಸೇರಿಸಿದರೆ ಅದಕ್ಕೂ ಸುಮಾರು ಮೂರು ತಿಂಗಳು. ನೀವು ಕಪ್‌ನಲ್ಲಿ ಕೊಟ್ಟದ್ದು ಆ 10.2 ಶುಗರ್‌ನಲ್ಲೇ ಬೆಳೆದ ಬೆಳೆ. ಈಗ ಇಳಿಸಿದರೆ ಮುಂದಿನ ಬೆಳೆ ಬೇರೆ ಮಣ್ಣಿನಲ್ಲಿ ಬರುತ್ತದೆ. ನರದ ಪೆಟ್ಟು ಅಷ್ಟು ಸುಲಭವಾಗಿ ವಾಪಸ್ ಹೋಗುವುದಿಲ್ಲ, ಅದು ಬೇರೆ ಮಾತು.

ಎರಡು ಸಲ ಟ್ಯೂಬ್ ಟೆಸ್ಟ್

ನಾನು ಪೀಣ್ಯ ಅವರ ಹೆಂಡತಿ ಅಲ್ಲ, ಆದರೆ ನಿಮ್ಮ ಪೋಸ್ಟ್ ನೋಡಿಯೇ ಈ ಹೆಸರು ಇಟ್ಟುಕೊಂಡೆ. ಟ್ಯೂಬ್ ಟೆಸ್ಟ್ ಎಷ್ಟು ನೋವು ಗೊತ್ತಾ ಇಲ್ಲಿನ ಅಣ್ಣಂದಿರಿಗೆ? ಆ ಬಣ್ಣ ಒಳಗೆ ಬಿಡುವಾಗ ಟೇಬಲ್‌ನ ಅಂಚು ಹಿಡಿದುಕೊಂಡು ನನ್ನ ಉಗುರು ಕಿತ್ತಿತ್ತು. ನನ್ನ ಯಜಮಾನರು ಒಂದು ಕಪ್ ಕೊಡಲು ಎರಡು ವರ್ಷ ತೆಗೆದುಕೊಂಡರು. ಮಗು ಆಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಕಪ್ ಮೊದಲು, ಟ್ಯೂಬ್ ಆಮೇಲೆ. ಅಷ್ಟೇ ಹೇಳಬೇಕಿತ್ತು.

ಪೀಣ್ಯ ಅವರೇ, ಮೂತ್ರದ ವಿಷಯ ಒಂದೂವರೆ ವರ್ಷದಿಂದ ನಿಮಗೆ ಗೊತ್ತಿತ್ತು. ಅವರಿಗೆ ಹೇಳಿದ್ದೀರಾ?

ಪೀಣ್ಯ ನೈಟ್‌ಶಿಫ್ಟ್

ಇಲ್ಲ. ಇವತ್ತು ಹೇಳುತ್ತೇನೆ.

ರಕ್ತ ಕೊಟ್ಟದ್ದು ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆಯೇ ಅಕ್ಕ.

ಪೀಣ್ಯ ನೈಟ್‌ಶಿಫ್ಟ್ (ಎರಡು ದಿನದ ನಂತರ)

ಹೇಳಿದೆ. ಅವಳು ಅತ್ತಳು, ಆಮೇಲೆ ಬೈದಳು, ಆಮೇಲೆ ಈ ಚರ್ಚೆ ಪೂರ್ತಿ ಓದಿದಳು. ಅವಳ ಒಂದು ಪ್ರಶ್ನೆ ಇದೆ. ವಾಟ್ಸಾಪ್‌ನಲ್ಲಿ ಅಪ್ಪ ಮೆಟ್‌ಫಾರ್ಮಿನ್ ನುಂಗಿದರೆ ಮಗುವಿಗೆ ಅಂಗದೋಷ ಬರುತ್ತದೆ ಅಂತ ಬಂದಿದೆಯಂತೆ. ಮತ್ತೆ ಮಗುವಿಗೂ ಶುಗರ್ ಬರುತ್ತದಾ?

ಇನ್ಸುಲಿನ್ ಹುಡುಗ

ಆ ಸುದ್ದಿಯ ಮೂಲ ಇದೆ, ಪೂರ್ತಿ ಗಾಳಿಸುದ್ದಿ ಅಲ್ಲ. 2022ರಲ್ಲಿ ಡೆನ್ಮಾರ್ಕ್‌ನ ದಾಖಲೆಗಳನ್ನು ನೋಡಿ, ಗರ್ಭ ನಿಲ್ಲುವ ಮುಂಚಿನ ಮೂರು ತಿಂಗಳು ಅಪ್ಪ ಮೆಟ್‌ಫಾರ್ಮಿನ್ ತೆಗೆದುಕೊಂಡಿದ್ದರೆ ಗಂಡುಮಕ್ಕಳಲ್ಲಿ ಜನನಾಂಗದ ದೋಷ ಸ್ವಲ್ಪ ಜಾಸ್ತಿ ಅಂದರು. 2024ರಲ್ಲಿ ನಾರ್ವೆ ಮತ್ತು ತೈವಾನ್‌ನ ಇನ್ನೂ ದೊಡ್ಡ ದಾಖಲೆ ನೋಡಿದಾಗ ಅಂಥ ಸಂಬಂಧ ಕಾಣಲಿಲ್ಲ. ಎರಡನೆಯದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ, ಅಲ್ವಾ. ಡಾಕ್ಟರ್‌ಗೆ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಮಗುವಿಗೆ ಬರುವ ವಿಷಯ: ಅಪ್ಪನಿಗೆ ನನ್ನ ಹಾಗೆ ಟೈಪ್ 1 ಇದ್ದರೆ 100ಕ್ಕೆ ಸುಮಾರು 6. ಟೈಪ್ 2 ಮನೆತನದಲ್ಲಿ ಇನ್ನೂ ಜಾಸ್ತಿ ಹರಿಯುತ್ತದೆ, ಆದರೆ ಅದು ಮಗು ದೊಡ್ಡದಾದ ಮೇಲಿನ ಮಾತು, ಊಟ ಓಡಾಟದ ಕೈಯಲ್ಲೂ ಇದೆ. 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ. ಅವರೆಲ್ಲ ಮಕ್ಕಳು ಬೇಡ ಅಂತ ಕೂತರೆ ಹೇಗೆ.

ಮಸ್ಕತ್ ಮಾವ

ಊಟ ಅಂದಾಗ ನೆನಪಾಯಿತು. ರಾಗಿಮುದ್ದೆ ಶುಗರ್‌ಗೆ ಒಳ್ಳೆಯದು ಅಂತ ಮೂರು ಮುದ್ದೆ ಇಳಿಸುವ ಹಾಸನದ ಗೆಳೆಯರು ನನಗಿದ್ದಾರೆ. ಪೀಣ್ಯ ಅವರೂ ಅದೇ ಸೀಮೆ. ಮುದ್ದೆಯೂ ಹಿಟ್ಟೇ ಸ್ವಾಮಿ. ಒಂದಕ್ಕೆ ನಿಲ್ಲಿಸಿ, ಸೊಪ್ಪುಸಾರು ಜಾಸ್ತಿ ಮಾಡಿ.

ಪೀಣ್ಯ ನೈಟ್‌ಶಿಫ್ಟ್ (ನಾಲ್ಕು ತಿಂಗಳ ನಂತರ)

ಯಾರಾದರೂ ಇನ್ನೂ ನೋಡುತ್ತಿದ್ದೀರಾ?

ಆಗ ಮೂತ್ರ ಪರೀಕ್ಷೆ ಮಾಡಿಸಿದೆ. ಲ್ಯಾಬ್ ಅಕ್ಕ ಅಂದದ್ದೇ ಸರಿ, ಮೂತ್ರದಲ್ಲಿ ವೀರ್ಯಾಣು ಇದ್ದವು. ಕಣ್ಣು ನೋಡಿಸಿದೆ, ಸ್ವಲ್ಪ ಶುರುವಾಗಿದೆ, ಆರು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ. ಮಾತ್ರೆ ಬದಲಾಯಿಸಿ ರಾತ್ರಿ ಇನ್ಸುಲಿನ್ ಸೇರಿಸಿದರು. ಫ್ಯಾಕ್ಟರಿಯಲ್ಲಿ ಕೇಳಿ ಹಗಲು ಪಾಳಿ ಮಾಡಿಸಿಕೊಂಡೆ, ಕಾರಣ ಮಾತ್ರ 'ಬೆನ್ನುನೋವು' ಅಂತ ಬರೆದುಕೊಟ್ಟೆ. ಒಂಬತ್ತು ಕೆಜಿ ಇಳಿದೆ. ಮುದ್ದೆ ಒಂದೇ, ಮಾವ.

ಎಚ್‌ಬಿಎ1ಸಿ 7.3. ಟೆಸ್ಟೋಸ್ಟೆರಾನ್ ಹಗಲು ಪಾಳಿಗೆ ಬಂದ ಮೇಲೆ ಕೊಟ್ಟಾಗ ನಾರ್ಮಲ್‌ನ ಅಂಚಿಗೆ ಬಂದಿದೆ. ವೀರ್ಯದ ಪ್ರಮಾಣ ಅಷ್ಟೇ, 0.8. ಇಮಿಪ್ರಮಿನ್‌ಗೆ ಸ್ವಲ್ಪ ಮಾತ್ರ ಜಗ್ಗಿದೆ. ಆದರೆ ಚಲನೆ 37%, ಒಂದು ಎಂಎಲ್‌ಗೆ 1.7 ಕೋಟಿ. ಮುಂದಿನ ಹಂತ ಮೂತ್ರದಿಂದ ವೀರ್ಯಾಣು ತೆಗೆದು ಐಯುಐ (ನೇರ ಗರ್ಭಕೋಶದೊಳಗೆ ಬಿಡುವುದು), ಆಗದಿದ್ದರೆ ಐಸಿಎಸ್‌ಐ. ಸೋಮವಾರ ಬೆಳಿಗ್ಗೆ ಒಂದು ಟ್ರಯಲ್ ಇದೆ. ನಾಳೆ ರಾತ್ರಿಯಿಂದ ಸೋಡಾ ಕುಡಿಯಬೇಕು. ಮನೆಯಿಂದ ಲ್ಯಾಬ್‌ಗೆ ಮುಕ್ಕಾಲು ಗಂಟೆ, ಮನೆಯಲ್ಲೇ ಕೊಟ್ಟು ತರಬಹುದಾ?

ಲ್ಯಾಬ್ ಅಕ್ಕ

ಮೊದಲಿನ ಸಾದಾ ಪರೀಕ್ಷೆ ಆಗಿದ್ದರೆ ಒಂದು ಗಂಟೆಯೊಳಗೆ ಒಳಜೇಬಿನಲ್ಲಿ ಬೆಚ್ಚಗೆ ತನ್ನಿ ಅನ್ನುತ್ತಿದ್ದೆ. ಮೂತ್ರದ್ದಕ್ಕೆ ಆಗುವುದಿಲ್ಲ. ಅಲ್ಲೇ ಕೊಡಬೇಕು, ನಿಮಿಷದ ಲೆಕ್ಕ. ಟ್ರಾಫಿಕ್‌ಗೆ ಮುಂಚೆ ಆರೂವರೆಗೆ ಹೊರಡಿ.

ಇನ್ಸುಲಿನ್ ಹುಡುಗ

ಸೋಡಾ ಕುಡಿದ ಮೇಲೆ ಒಂದು ನಿಂಬೆ ಪೆಪ್ಪರ್‌ಮೆಂಟ್ ಬಾಯಿಗೆ ಹಾಕಬೇಕು ಅನ್ನಿಸುತ್ತದೆ. ಹಾಕಬೇಡಿ, ಶುಗರ್ ನೆನಪಿರಲಿ 😀

ಎರಡು ಸಲ ಟ್ಯೂಬ್ ಟೆಸ್ಟ್

ಅವರೂ ಜೊತೆಗೆ ಬರುತ್ತಾರಾ?

ಪೀಣ್ಯ ನೈಟ್‌ಶಿಫ್ಟ್

ಬರುತ್ತಾಳೆ. ಈ ಸಲ ಹೊರಗಿನ ಬೆಂಚಿನಲ್ಲಿ ಕೂರುವ ಸರದಿ ಅವಳದ್ದಂತೆ.